ಸಿ.ಎ. ಆದ ಮೇಲೂ ಇನ್ನೊಂದು ಪದವಿ ಬೇಕೆ?

ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ನಮ್ಮ ಕಕ್ಷಿದಾರರೊಬ್ಬರು ಕೆಲ ತಿಂಗಳ ಹಿಂದೆ ಪೇಢೆಯ ಡಬ್ಬಿಯೊಂದಿಗೆ ಕಚೇರಿಗೆ ಬಂದರು. ಮಗಳು ಸಿ.ಎ. ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಳು. ಸಂತೋಷದ ಮಾತುಗಳೆಲ್ಲ ಮುಗಿದ ನಂತರ ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಆಡಿಟರ್ ಸಾಹೇಬ್ರ, ಇನ್ನೊಂದು ಡಿಗ್ರಿ ಮಾಡಸಬೇಕೇನ್ರಿ?" ಎಂದು ಕೇಳಿದರು. ಬ್ಯಾಂಕಿನಲ್ಲಿರುವ ಅಳಿಯ ಎಂ.ಬಿ.ಎ. ಆಗಲೇಬೇಕೆಂದು ಹೇಳಿದ್ದನಂತೆ. ಪರಿಚಯದ ಉಪನ್ಯಾಸಕರೊಬ್ಬರು ಎಂ.ಕಾಂ. ಇಲ್ಲದ ಸಿ.ಎ. ಅರ್ಧ ವಿದ್ಯೆ ಎಂದಿದ್ದರಂತೆ. ಸಂಬಂಧ ನೋಡಲು ಬಂದವರು "ಪೋಸ್ಟ್ ಗ್ರಾಜುಯೇಟ್ ಹೌದೋ ಅಲ್ಲೋ" ಎಂದು ವಿಚಾರಿಸಿ ಹೋಗಿದ್ದರಂತೆ. ಹಣದ ಚಿಂತೆ ಅವರಿಗಿರಲಿಲ್ಲ. ಗಿರಣಿಗೆ ಹೊಸ ಸಾರ್ಟೆಕ್ಸ್ ಯಂತ್ರ ತರಿಸಲು ಕೂಡಿಟ್ಟಿದ್ದ ಮೊತ್ತವನ್ನು ಮಗಳ ಓದಿಗೆ ತಿರುಗಿಸಲು ಅವರು ಸಿದ್ಧರಿದ್ದರು.

ಈ ಪ್ರಶ್ನೆಯನ್ನು ನನಗೆ ಕೇಳಿದವರಲ್ಲಿ ಅವರು ಮೊದಲಿಗರಲ್ಲ. ರಾಜೇಂದ್ರ ಗಂಜಿನ ಅಡತ್ ಅಂಗಡಿಗಳಲ್ಲಿ, ಹತ್ತಿ ಜಿನ್ನಿಂಗ್ ಗಿರಣಿಗಳಲ್ಲಿ ಒಂದು ಕಾಲಕ್ಕೆ ಮಕ್ಕಳನ್ನು ಬಿ.ಕಾಂ. ಓದಿಸಿ ಗಲ್ಲೆಯ ಮೇಲೆ ಕೂರಿಸುವುದೇ ರೂಢಿಯಾಗಿತ್ತು. ಈಗ ಆ ಮನೆಗಳಿಂದಲೇ ಸಿ.ಎ. ಆದವರು ಹೊರಬರುತ್ತಿದ್ದಾರೆ. ಅವರ ಮುಂದಿನ ಓದಿನ ಕುರಿತು ತಂದೆತಾಯಿಗಳಿಗೆ ದೊರೆಯುವ ಸಲಹೆಗಳು ಬಹುಪಾಲು ಬೆಂಗಳೂರು, ಹೈದರಾಬಾದುಗಳ ಅನುಭವದಿಂದ ಬಂದವು. ರಾಯಚೂರು ಜಿಲ್ಲೆಯ ಅನುಭವದಿಂದ ಒಂದಿಷ್ಟು ಹೇಳುವುದು ಅವಶ್ಯವೆಂದು ತೋರಿದ್ದರಿಂದ ಈ ಲೇಖನ.

ಮೊದಲಿಗೆ ಒಂದು ಗೊಂದಲವನ್ನು ಪರಿಹರಿಸಬೇಕು. ಸಿ.ಎ. ಎಂಬುದು ವಿಶ್ವವಿದ್ಯಾಲಯದ ಪದವಿಯಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯ ಅನ್ವಯ ಸ್ಥಾಪಿತವಾದ ಸಂಸ್ಥೆಯ ಸದಸ್ಯತ್ವವದು. ವೃತ್ತಿ ನಡೆಸಬೇಕಾದರೆ ಸದಸ್ಯತ್ವದ ಮೇಲೆ ಪ್ರತ್ಯೇಕ ಪ್ರಮಾಣಪತ್ರವನ್ನು ಪಡೆಯಬೇಕು. ಹೆಸರಿನ ಮುಂದಿನ ಎ.ಸಿ.ಎ., ಎಫ್.ಸಿ.ಎ. ಎಂಬ ಅಕ್ಷರಗಳು ಆ ಸದಸ್ಯತ್ವದ ಎರಡು ದರ್ಜೆಗಳು. (ಎಫ್.ಸಿ.ಎ. ಎಂದರೆ ಮತ್ತೊಂದು ದೊಡ್ಡ ಪರೀಕ್ಷೆ ಎಂದು ನಮ್ಮ ಅನೇಕ ವರ್ತಕ ಮಿತ್ರರು ಭಾವಿಸಿದ್ದಾರೆ. ಪರೀಕ್ಷೆಯೇನೂ ಇಲ್ಲ, ಐದು ವರ್ಷಗಳ ಅನುಭವ ಮತ್ತು ಶುಲ್ಕ, ಅಷ್ಟೇ.) ನಿಮ್ಮ ಲೆಕ್ಕಪತ್ರಗಳಿಗೆ ಸಹಿ ಹಾಕಲು, ಆದಾಯ ತೆರಿಗೆ ಅಧಿಕಾರಿಯ ಮುಂದೆ ನಿಮ್ಮ ಪರವಾಗಿ ನಿಲ್ಲಲು, ಮೇಲ್ಮನವಿ ನ್ಯಾಯಮಂಡಳಿಯಲ್ಲಿ ವಾದಿಸಲು ಈ ಸದಸ್ಯತ್ವ ಮತ್ತು ಪ್ರಮಾಣಪತ್ರ ಸಾಕು. ಎಂ.ಕಾಂ. ಇದ್ದ ಮಾತ್ರಕ್ಕೆ ಈ ಅಧಿಕಾರದಲ್ಲಿ ಎಳ್ಳಷ್ಟೂ ಹೆಚ್ಚಳವಿಲ್ಲ.

ಆದಕಾರಣ ಫಲಕದ ಮೇಲೆ ಎರಡು ಅಕ್ಷರ ಸೇರಿಸುವುದಕ್ಕಾಗಿ ಅಂಚೆ ಶಿಕ್ಷಣದ ಎಂ.ಕಾಂ. ಮಾಡುವುದು ವ್ಯರ್ಥವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸಿ.ಎ. ಅಂತಿಮ ಪರೀಕ್ಷೆಗೆ ಓದಿದ ಲೆಕ್ಕಶಾಸ್ತ್ರ, ತೆರಿಗೆ ಮತ್ತು ಹಣಕಾಸು ನಿರ್ವಹಣೆಯ ವಿಷಯಗಳನ್ನೇ ಅಲ್ಲಿ ಇನ್ನೊಮ್ಮೆ, ಬಹುಮಟ್ಟಿಗೆ ಇನ್ನೂ ಸಡಿಲವಾಗಿ ಓದಬೇಕಾಗುತ್ತದೆ. ಪದವಿ ಎಂಬ ಶಬ್ದಕ್ಕೇ ಬೆಲೆಯಿದೆ ಎನ್ನುವವರು ಭಾರತೀಯ ನಿರ್ವಹಣಾ ಸಂಸ್ಥೆಗಳ ಚರಿತ್ರೆಯನ್ನು ನೋಡಬೇಕು. ಬೆಂಗಳೂರಿನ ಐ.ಐ.ಎಂ. 1973ರಲ್ಲಿ ಆರಂಭವಾಯಿತು. 2017ರ ಐ.ಐ.ಎಂ. ಕಾಯಿದೆ ಜಾರಿಗೆ ಬರುವವರೆಗೂ ಆ ಸಂಸ್ಥೆಗಳು ಕೊಡುತ್ತಿದ್ದುದು ಡಿಪ್ಲೊಮಾ ಮಾತ್ರ. ಅದಕ್ಕಾಗಿ ಯಾವ ಕಂಪನಿಯೂ ಅವರ ವಿದ್ಯಾರ್ಥಿಗಳನ್ನು ಹಿಂದಕ್ಕೆ ಕಳುಹಿಸಲಿಲ್ಲ.

ಇನ್ನು ಎಂ.ಬಿ.ಎ. ವಿಚಾರ. ಕುಮಾರಮಂಗಲಂ ಬಿರ್ಲಾ ಅವರು ಸಿ.ಎ. ಆದ ನಂತರ ಲಂಡನ್ ಬಿಸಿನೆಸ್ ಸ್ಕೂಲಿನಲ್ಲಿ ಎಂ.ಬಿ.ಎ. ಮಾಡಿದವರು. ಈ ಉದಾಹರಣೆಯನ್ನು ನನ್ನೆದುರು ಇಟ್ಟವರು ಹಲವರಿದ್ದಾರೆ. ಆದರೆ ಅವರು ಮರಳಿ ಬಂದು 1995ರಲ್ಲಿ ವಹಿಸಿಕೊಂಡದ್ದು ಇಡೀ ಉದ್ಯಮ ಸಮೂಹವನ್ನು. ನಮ್ಮ ಜಿಲ್ಲೆಯ ಹುಡುಗ ಅಥವಾ ಹುಡುಗಿಯ ಮುಂದಿರುವ ಲೆಕ್ಕ ಬೇರೆ. ಹೆಸರಾಂತ ಸಂಸ್ಥೆಗಳಲ್ಲಿ ಎರಡು ವರ್ಷದ ಶುಲ್ಕವೇ 20 ಲಕ್ಷ ರೂಪಾಯಿ ದಾಟುತ್ತದೆ. ಊಟ ವಸತಿ ಸೇರಿಸಿ 25 ಲಕ್ಷ ಎಂದು ಹಿಡಿಯೋಣ. ಸಿ.ಎ. ಆದವರು ಆ ಎರಡು ವರ್ಷ ನೌಕರಿ ಮಾಡಿದ್ದರೆ ತಿಂಗಳಿಗೆ 75 ಸಾವಿರದಂತೆ 18 ಲಕ್ಷ ಸಂಪಾದಿಸುತ್ತಿದ್ದರು ಎಂದೂ ಹಿಡಿಯೋಣ. ಕೈಬಿಟ್ಟ ಈ ಸಂಪಾದನೆಯನ್ನು ಖರ್ಚಿನ ಬಾಬಿಗೆ ಸೇರಿಸುವವರು ಕಡಿಮೆ. ಒಟ್ಟು 43 ಲಕ್ಷವಾಯಿತು. ಇದನ್ನು ಶೇ. 9ರ ಬಡ್ಡಿಯೊಂದಿಗೆ ಹತ್ತು ವರ್ಷಗಳಲ್ಲಿ ಮರಳಿ ಪಡೆಯಬೇಕಾದರೆ ವರ್ಷಕ್ಕೆ ಸುಮಾರು 6 ಲಕ್ಷ 70 ಸಾವಿರ, ಅಂದರೆ ತಿಂಗಳಿಗೆ ಸುಮಾರು 56 ಸಾವಿರ ರೂಪಾಯಿ ಹೆಚ್ಚುವರಿ ಆದಾಯ ಬರಬೇಕು. ಅದೂ ತೆರಿಗೆ ಕಳೆದು. ಶಿಕ್ಷಣ ಸಾಲದ ಬಡ್ಡಿಗೆ ದೊರೆಯುವ ಕಡಿತವು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನೂ ಮರೆಯಬಾರದು.

ಮುಂಬಯಿಯ ಬ್ಯಾಂಕಿನಲ್ಲೋ ದೊಡ್ಡ ಕಂಪನಿಯಲ್ಲೋ ಈ ಹೆಚ್ಚಳ ಸಾಧ್ಯ. ಅಂತಹ ದಾರಿ ಹಿಡಿಯುವ ನಿರ್ಧಾರ ಮಾಡಿದವರಿಗೆ, ಅದರಲ್ಲೂ ನಾಲ್ಕೈದು ವರ್ಷ ದುಡಿದ ಅನುಭವದ ಮೇಲೆ ಹೋಗುವವರಿಗೆ, ನಾನು ಬೇಡವೆನ್ನುವುದಿಲ್ಲ. ಆದರೆ ಮರಳಿ ಬಂದು ಮಾನ್ವಿಯಲ್ಲಿ ಗಿರಣಿ ನೋಡಿಕೊಳ್ಳಬೇಕೆಂಬುದೋ, ರಾಯಚೂರಿನಲ್ಲಿ ಸ್ವಂತ ಕಚೇರಿ ತೆರೆಯಬೇಕೆಂಬುದೋ ಮನೆಯವರ ಆಶಯವಾಗಿದ್ದರೆ ಈ ಲೆಕ್ಕ ಕೂಡುವುದಿಲ್ಲ. ಇಲ್ಲಿಯ ಕಕ್ಷಿದಾರರು ಎಂ.ಬಿ.ಎ. ನೋಡಿ ಶುಲ್ಕ ಹೆಚ್ಚಿಸುವವರಲ್ಲ. ಶುಲ್ಕದ ವಿಷಯದಲ್ಲಿ ನಮ್ಮ ಗಂಜಿನ ಹಿರಿಯರ ಕೈ ಎಷ್ಟು ಬಿಗಿಯೆಂಬುದನ್ನು ನಾನು ಈ ಪತ್ರಿಕೆಯಲ್ಲಿ ಬರೆಯದಿರುವುದೇ ಕ್ಷೇಮ.

ಹಾಗಾದರೆ ಸಿ.ಎ. ಪರೀಕ್ಷೆಯೊಂದಿಗೆ ಓದು ಮುಗಿಯಿತೆ ಎಂದು ಕೇಳಬಹುದು. ಮುಗಿಯುವುದಿಲ್ಲ. ವೃತ್ತಿಯಲ್ಲಿರುವ ಸದಸ್ಯರು ಮೂರು ವರ್ಷಗಳ ಅವಧಿಯಲ್ಲಿ 120 ಗಂಟೆಗಳ ಮುಂದುವರಿದ ಶಿಕ್ಷಣವನ್ನು ಪೂರೈಸಬೇಕೆಂದು ನಮ್ಮ ಸಂಸ್ಥೆಯೇ ಕಟ್ಟುಪಾಡು ಮಾಡಿದೆ. ನಮ್ಮ ಮೇಜಿಗೆ ಬರುವ ಪ್ರಶ್ನೆಗಳನ್ನು ನೋಡಿದರೂ ಸಾಕು. 2017ರ ನವೆಂಬರಿನಲ್ಲಿ ರೈತರಿಂದ ಖರೀದಿಸುವ ಕಚ್ಚಾ ಹತ್ತಿಯ ಮೇಲಿನ ಜಿ.ಎಸ್.ಟಿ.ಯನ್ನು ಖರೀದಿದಾರರೇ ತುಂಬಬೇಕೆಂಬ ಅಧಿಸೂಚನೆ ಬಂದಾಗ, ದುಡಿಯುವ ಬಂಡವಾಳದಲ್ಲಿ ಎಷ್ಟು ಹಣ ಸಿಕ್ಕಿಬೀಳುತ್ತದೆಂದು ಲೆಕ್ಕ ಹಾಕಿಕೊಡಿರೆಂದು ಜಿನ್ನಿಂಗ್ ಗಿರಣಿಯವರು ಸಾಲುಗಟ್ಟಿ ಬಂದರು. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಮುಂಚಿತವಾಗಿ ಚೀಲಕ್ಕೆ ತುಂಬಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ. 5ರ ತೆರಿಗೆ ಬಿದ್ದಾಗ 26 ಕೆ.ಜಿ. ಚೀಲಗಳು ಹುಟ್ಟಿಕೊಂಡ ಕಥೆ ಮಾನ್ವಿ, ಸಿಂಧನೂರಿನವರಿಗೆ ಹೇಳಿಕೊಡಬೇಕಾಗಿಲ್ಲ. 2023-24ನೇ ಸಾಲಿನಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸದಿದ್ದಲ್ಲಿ ಆ ಖರ್ಚು ಆ ವರ್ಷಕ್ಕೆ ಸಿಗದೆಂಬ 43ಬಿ(ಎಚ್) ಕಲಮು ಬಂದಿತು. ಆಗ ಖರೀದಿಸಿದವರೂ ಮಾರಿದವರೂ ಒಂದೇ ದಿನ ನಮ್ಮ ಬಾಗಿಲಿಗೆ ಬಂದರು. ಇದರ ಮೇಲೆ 2025ರ ಹೊಸ ಆದಾಯ ತೆರಿಗೆ ಕಾಯಿದೆಯನ್ನು 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ಅಂಗೀಕರಿಸಲಾಗಿದ್ದು, ಮೂವತ್ತು ವರ್ಷಗಳಿಂದ ನಮಗೆ ಬಾಯಿಪಾಠವಾಗಿದ್ದ ಕಲಮುಗಳ ಸಂಖ್ಯೆಗಳೆಲ್ಲ ಬದಲಾಗಿವೆ.

ಇವುಗಳಲ್ಲಿ ಯಾವುದಕ್ಕೂ ಉತ್ತರ ಎಂ.ಕಾಂ. ಪಠ್ಯದಲ್ಲಿಲ್ಲ, ಎಂ.ಬಿ.ಎ. ತರಗತಿಯಲ್ಲೂ ಇಲ್ಲ. ಎಲ್ಲವೂ ಕಾನೂನಿನ ಪ್ರಶ್ನೆಗಳು. ಅಧಿಸೂಚನೆಯ ಒಂದು ಪದಕ್ಕೆ ಏನರ್ಥ, ವಿನಾಯಿತಿಯ ವ್ಯಾಪ್ತಿ ಎಲ್ಲಿಯವರೆಗೆ, ನೋಟಿಸಿಗೆ ಉತ್ತರವನ್ನು ಹೇಗೆ ಕಟ್ಟಬೇಕು ಎಂಬವು. ಆದ್ದರಿಂದ ಸಿ.ಎ. ಆದವರು ಜಿಲ್ಲೆಯಲ್ಲೇ ಉಳಿದು ಕೆಲಸ ಮಾಡುವುದಾದರೆ, ವರ್ತಕರಿಗೆ ಹೆಚ್ಚು ಉಪಯೋಗಕ್ಕೆ ಬರುವ ಓದು ಕಾನೂನಿನದು ಎಂದು ನಾನು ನಂಬಿದ್ದೇನೆ. ಟಿ.ವಿ. ಮೋಹನದಾಸ್ ಪೈ ಅವರ ಹೆಸರನ್ನು ಎಲ್ಲರೂ ಬಲ್ಲರು. ಬೆಂಗಳೂರಿನಲ್ಲಿ ಬಿ.ಕಾಂ., ಬೆಂಗಳೂರು ವಿಶ್ವವಿದ್ಯಾಲಯದ ಎಲ್‌ಎಲ್.ಬಿ., ಅದರೊಂದಿಗೆ ಸಿ.ಎ.; ಇಷ್ಟೇ ಅವರ ಓದು. 1999ರಲ್ಲಿ ಇನ್ಫೋಸಿಸ್ ಕಂಪನಿಯು ಅಮೆರಿಕದ ನಾಸ್ಡಾಕ್ ಷೇರುಪೇಟೆಯಲ್ಲಿ ನೋಂದಣಿಯಾದಾಗ ಅದರ ಹಣಕಾಸಿನ ಮುಖ್ಯಸ್ಥರಾಗಿದ್ದವರು ಅವರೇ.

ಎಲ್‌ಎಲ್.ಬಿ. ಸ್ನಾತಕೋತ್ತರ ಪದವಿಯಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು, ತೆಗೆಯಲಿ. ನಿಜವಾದ ತೊಡಕು ಬೇರೆ ಇದೆ. ಮೂರು ವರ್ಷ ತರಗತಿಗೆ ಹೋಗಲೇಬೇಕು, ಅಂಚೆ ಶಿಕ್ಷಣಕ್ಕೆ ಅವಕಾಶವಿಲ್ಲ. ರಾಯಚೂರಿನಲ್ಲೇ ಎಸ್.ಸಿ.ಎ.ಬಿ. ಕಾನೂನು ಕಾಲೇಜು ಇರುವುದು ನಮ್ಮ ಅದೃಷ್ಟ. ಎರಡನೆಯದಾಗಿ, ಲೆಕ್ಕಪರಿಶೋಧನೆ ಮತ್ತು ವಕೀಲಿ ಎರಡನ್ನೂ ಏಕಕಾಲಕ್ಕೆ ನಡೆಸಲು ವಕೀಲರ ಪರಿಷತ್ತಿನ ನಿಯಮಗಳು ಅಡ್ಡ ಬರುತ್ತವೆ. ಒಂದನ್ನು ಆರಿಸಿಕೊಳ್ಳಬೇಕು. ವಕೀಲಿಯನ್ನು ಆರಿಸಿಕೊಂಡವರು ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ಕಕ್ಷಿದಾರರ ತೆರಿಗೆ ಪ್ರಕರಣವನ್ನು ತಾವೇ ನಡೆಸಬಹುದು. ನಮ್ಮಂಥವರು ನ್ಯಾಯಮಂಡಳಿಯ ಹೊಸ್ತಿಲಿನಲ್ಲಿ ನಿಂತು ಕಡತವನ್ನು ಬೇರೆಯವರ ಕೈಗೆ ಕೊಟ್ಟು ಬರುತ್ತೇವೆ. ವಕೀಲಿಯನ್ನು ಆರಿಸದವರಿಗೂ ಓದು ನಷ್ಟವಾಗದು. ನೋಟಿಸಿನ ಉತ್ತರದಲ್ಲೇ ಅದರ ಫಲ ಕಾಣುತ್ತದೆ.

ಓದನ್ನು ಮುಂದುವರಿಸಬೇಕೆನ್ನಲು ಇನ್ನೊಂದು ಕಾರಣವಿದೆ. ಇದನ್ನು ನಮ್ಮ ವೃತ್ತಿಯವರು ಬಹಿರಂಗವಾಗಿ ಹೇಳಲು ಸಂಕೋಚಪಡುತ್ತಾರೆ. ಕಾಯಿದೆಯು ಕೊಟ್ಟ ಕೆಲಸವನ್ನು ಕಾಯಿದೆಯೇ ಹಿಂದಕ್ಕೆ ತೆಗೆದುಕೊಳ್ಳಬಲ್ಲದು. ತೆರಿಗೆ ಲೆಕ್ಕಪರಿಶೋಧನೆಯನ್ನು 1984ರಲ್ಲಿ ತಂದಾಗ ವ್ಯಾಪಾರಸ್ಥರಿಗೆ 40 ಲಕ್ಷ ರೂಪಾಯಿ ವಹಿವಾಟಿನ ಮಿತಿಯಿತ್ತು. ಅದು 60 ಲಕ್ಷವಾಯಿತು, ಒಂದು ಕೋಟಿಯಾಯಿತು. ನಗದು ವ್ಯವಹಾರ ಶೇ. 5ನ್ನು ಮೀರದವರಿಗೆ 2020ರಲ್ಲಿ 5 ಕೋಟಿ, 2021ರಲ್ಲಿ 10 ಕೋಟಿಯಾಯಿತು. ಜಿ.ಎಸ್.ಟಿ.ಯ ಲೆಕ್ಕಪರಿಶೋಧನೆಯಂತೂ ಬಂದ ಮೂರು ವರ್ಷಗಳಲ್ಲೇ ಹೋಯಿತು. 2020-21ನೇ ಸಾಲಿನಿಂದ ವರ್ತಕರು ತಾವೇ ದೃಢೀಕರಿಸಿದರೆ ಸಾಕು. ನಿಮಗೆ ಇದು ಒಳ್ಳೆಯ ಸುದ್ದಿ, ನಾನು ಅಲ್ಲಗಳೆಯುವುದಿಲ್ಲ. ಆದರೆ ಸಹಿಯನ್ನೇ ನಂಬಿ ಕಚೇರಿ ತೆರೆದ ಯುವಕರ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಸಹಿಯ ಆಚೆಗೂ ಏನಾದರೂ ಬಲ್ಲವರು ಉಳಿದುಕೊಂಡರು.

ಈಗ ಎಂ.ಕಾಂ. ವಿಷಯಕ್ಕೆ ಮರಳುತ್ತೇನೆ. ಮೇಲೆ ಅದನ್ನು ವ್ಯರ್ಥವೆಂದಿದ್ದೇನೆ. ಒಂದು ಕೆಲಸಕ್ಕೆ ಮಾತ್ರ ಅದು ವ್ಯರ್ಥವಲ್ಲ, ಅನಿವಾರ್ಯವೂ ಆಗಬಹುದು. ಅದು ಪಾಠ ಹೇಳುವ ಕೆಲಸ.

ಸುಮಾರು ಹದಿನೈದು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಕಾಲೇಜಿನವರು ಬಿ.ಕಾಂ. ಕೊನೆಯ ವರ್ಷದವರಿಗೆ ಆದಾಯ ತೆರಿಗೆ ಕಲಿಸಲು ನನ್ನನ್ನು ಕೇಳಿದರು. ವಾರಕ್ಕೆ ಎರಡು ತರಗತಿ. ಒಪ್ಪಿಕೊಂಡು ಪ್ರಮಾಣಪತ್ರಗಳ ನಕಲು ಕೊಟ್ಟೆ. ಕೆಲ ದಿನಗಳ ನಂತರ ಅಲ್ಲಿಯ ಗುಮಾಸ್ತರು ಬಹಳ ವಿನಯದಿಂದ, "ಸರ, ಎಂ.ಕಾಂ. ಮಾರ್ಕ್ಸ್ ಕಾರ್ಡ್ ಕೊಟ್ಟಿಲ್ರಿ" ಎಂದರು. ಇಲ್ಲವೆಂದೆ. ಸಿ.ಎ. ಪದವಿಯಲ್ಲ, ಮೆಂಬರ್‌ಶಿಪ್ ಎಂದು ಅವರು ನನಗೇ ತಿಳಿಸಿಕೊಟ್ಟರು. ನಿಯಮದ ದೃಷ್ಟಿಯಿಂದ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಸಂಭಾವನೆಯಿಲ್ಲದೆ ಒಂದು ಅವಧಿ ಪಾಠ ಹೇಳಿ ಬಿಟ್ಟೆ. ಮಕ್ಕಳಲ್ಲಿ ಕೆಲವರು ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಆದಾಯ ತೆರಿಗೆಯ ವಿವರಣಾ ಪತ್ರದ ನಮೂನೆಯನ್ನು ಅವರು ಮೊದಲ ಬಾರಿಗೆ ಕಣ್ಣಾರೆ ಕಂಡದ್ದು ಆ ತರಗತಿಯಲ್ಲಿ.

ಆ ಸ್ಥಿತಿ ಈಗ ಸ್ವಲ್ಪ ಬದಲಾಗಿದೆ. 2021ರ ಮಾರ್ಚಿನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಸಿ.ಎ., ಕಂಪನಿ ಕಾರ್ಯದರ್ಶಿ ಮತ್ತು ಕಾಸ್ಟ್ ಅಕೌಂಟೆಂಟ್ ಅರ್ಹತೆಗಳನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು ಪರಿಗಣಿಸಲು ಒಪ್ಪಿತು. ಇದರಿಂದ ಎನ್.ಇ.ಟಿ. ಪರೀಕ್ಷೆಗೆ ದಾರಿ ತೆರೆಯಿತು. ಆದರೂ ಎರಡು ಅಳತೆಗೋಲುಗಳು ಪೂರ್ತಿ ಹೊಂದುವುದಿಲ್ಲ. ಸಿ.ಎ. ಅಂತಿಮ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೆ ಶೇ. 40, ಒಟ್ಟಾರೆ ಶೇ. 50 ಅಂಕ ಪಡೆದರೆ ತೇರ್ಗಡೆ, ಮತ್ತು ಅದನ್ನು ಪಡೆಯುವುದೇ ಎಷ್ಟು ಕಷ್ಟವೆಂಬುದು ಬರೆದವರಿಗೆ ಗೊತ್ತು. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಬೇಕೆಂದು ಆಯೋಗದ ನಿಯಮ ಹೇಳುತ್ತದೆ. ಆದ್ದರಿಂದ ಬೋಧನೆಯನ್ನೇ ಗುರಿಯಾಗಿಟ್ಟುಕೊಂಡ ಸಿ.ಎ.ಗಳು ಸಮಾನತೆಯ ಪತ್ರವನ್ನೇ ನಂಬಿ ಕೂರದೆ, ಪ್ರತಿ ಅಧಿಸೂಚನೆಯ ಅರ್ಹತಾ ಕಲಮನ್ನು ಓದಬೇಕು; ಸಾಧ್ಯವಾದರೆ ಎಂ.ಕಾಂ. ಕೂಡ ಮುಗಿಸಿಕೊಳ್ಳಬೇಕು. ನಮ್ಮ ಸಂಸ್ಥೆಯೊಂದಿಗಿನ ಒಪ್ಪಂದದ ಮೇಲೆ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಸಿ.ಎ.ಗಳಿಗಾಗಿಯೇ ಎಂ.ಕಾಂ. ಕೋರ್ಸನ್ನು ರೂಪಿಸಿದ್ದುಂಟು. ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಿಗಾಗಿ ಈ ದಶಕದ ಆರಂಭದಲ್ಲಿ ಪ್ರತ್ಯೇಕವಾದ ವಿಶ್ವವಿದ್ಯಾಲಯವೂ, ಈಗ ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿಯವರ ಹೆಸರಿನಲ್ಲಿ, ನಮ್ಮ ಯರಗೇರಾದಲ್ಲೇ ಇದೆ. ದೂರಶಿಕ್ಷಣಕ್ಕೆ ಸೇರುವವರು ಆ ವರ್ಷ, ಆ ಕೋರ್ಸಿಗೆ ಆಯೋಗದ ಮಾನ್ಯತೆ ಇದೆಯೇ ಎಂದು ನೋಡಿಕೊಂಡೇ ಶುಲ್ಕ ಕಟ್ಟಬೇಕು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ 2013-14ರಿಂದ ತಪ್ಪಿ 2018ರಲ್ಲಿ ಮರಳುವವರೆಗೆ ವಿದ್ಯಾರ್ಥಿಗಳು ಪಟ್ಟ ಪಾಡು ಮರೆಯುವಂಥದ್ದಲ್ಲ.

ಬೋಧನೆಯ ಮಾತನ್ನು ಇಷ್ಟು ಬೆಳೆಸಿದ್ದಕ್ಕೆ ಕಾರಣವಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ ದೇವದುರ್ಗವು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿತ್ತು. ಆ ನಂತರ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿದ ಕಡೆ ಹತ್ತಿ, ಭತ್ತ, ಮೆಣಸಿನಕಾಯಿ ಬೆಳೆದವು, ಅಂಗಡಿಗಳು ಎದ್ದವು. 371(ಜೆ) ವಿಧಿಯ ಮೀಸಲಾತಿಯೂ 2013ರಿಂದ ಬಂದಿದೆ. ದೇವದುರ್ಗದಲ್ಲೂ ಮಾನ್ವಿಯಲ್ಲೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಬಿ.ಕಾಂ. ಓದುವ ಮಕ್ಕಳಿದ್ದಾರೆ. ಆದರೆ ಅಲ್ಲಿಂದ ಬಂದ ಪದವೀಧರರನ್ನು ನಿಮ್ಮ ಅಂಗಡಿಗೆ ಲೆಕ್ಕ ಬರೆಯಲು ಇಟ್ಟುಕೊಂಡಾಗ ಏನಾಗುತ್ತದೆ ಎಂಬುದನ್ನು ನೀವೇ ನನಗೆ ಪ್ರತಿ ಮಾರ್ಚಿನಲ್ಲಿ ಹೇಳುತ್ತೀರಿ. ಜಮಾ ಖರ್ಚಿನ ಸಿದ್ಧಾಂತ ಬರುತ್ತದೆ. ಇ-ವೇ ಬಿಲ್ ಬಾರದು, ಬ್ಯಾಂಕಿನ ಖಾತೆಯನ್ನು ಕಿರ್ದಿಯೊಂದಿಗೆ ತಾಳೆ ನೋಡಲು ಬಾರದು. ತಪ್ಪು ಮಕ್ಕಳದಲ್ಲ. ಅವರಿಗೆ ಕಲಿಸಿದವರು ಯಾರೂ ವ್ಯಾಪಾರದ ಕಾಗದವನ್ನು ಕೈಯಲ್ಲಿ ಹಿಡಿದವರಲ್ಲ. ಹಿಡಿದವರಿಗೆ ತರಗತಿಯೊಳಗೆ ಪ್ರವೇಶವಿರಲಿಲ್ಲ. ಎರಡನ್ನೂ ಬಲ್ಲ ಹತ್ತು ಜನ ಸಿ.ಎ.ಗಳು ಈ ಜಿಲ್ಲೆಯ ಕಾಲೇಜುಗಳಿಗೆ ಹೋದರೆ ಆಗುವ ಪ್ರಯೋಜನವು ನೇರವಾಗಿ ನಿಮ್ಮ ಗಲ್ಲೆಗೆ ಬರುತ್ತದೆ. ವೃತ್ತಿಯಲ್ಲಿದ್ದುಕೊಂಡೇ ಅರೆಕಾಲಿಕವಾಗಿ ಬೋಧಿಸಲು ನಮ್ಮ ಸಂಸ್ಥೆಯ ನಿಯಮಗಳಲ್ಲಿ ಅವಕಾಶವಿದೆ.

ಓದನ್ನು ಎಲ್ಲರ ಮೇಲೂ ಹೇರಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ನಿದರ್ಶನವೊಂದಿದೆ. ಅಲ್ಲಿ ಸಿ.ಪಿ.ಎ. ಪರವಾನಗಿಗೆ ಸಾಮಾನ್ಯ ಪದವಿಯ 120 ಗಂಟೆಗಳ ಬದಲು 150 ಗಂಟೆಗಳ ಕಾಲೇಜು ಓದು ಬೇಕೆಂಬ ನಿಯಮವನ್ನು ಒಂದೊಂದಾಗಿ ಎಲ್ಲ ರಾಜ್ಯಗಳೂ ತಂದಿದ್ದವು. ಅನೇಕರು ಅದಕ್ಕಾಗಿಯೇ ಸ್ನಾತಕೋತ್ತರ ಪದವಿ ಮಾಡುತ್ತಿದ್ದರು. ಈ ವೃತ್ತಿಗೆ ಬರುವ ಯುವಕರೇ ಕಡಿಮೆಯಾದಾಗ ಅವರಿಗೆ ದಿಗಿಲಾಯಿತು. 2025ರ ಜನವರಿಯಲ್ಲಿ ಒಹಾಯೊ ರಾಜ್ಯವು ಪದವಿ, ಎರಡು ವರ್ಷದ ಅನುಭವ ಮತ್ತು ಪರೀಕ್ಷೆ ಇಷ್ಟಿದ್ದರೂ ಸಾಕೆಂಬ ಬದಲಿ ದಾರಿಗೆ ಕಾಯಿದೆ ಮಾಡಿತು. ಬೇರೆ ರಾಜ್ಯಗಳೂ ಅದೇ ಹಾದಿ ಹಿಡಿದವು. ನಮ್ಮಲ್ಲಿ ಆಗುತ್ತಿರುವುದು ಇನ್ನೊಂದು ಬಗೆ. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಅವಧಿಯನ್ನು ಮೂರು ವರ್ಷದಿಂದ ಎರಡಕ್ಕೆ ಇಳಿಸಲಾಗಿದೆ. ಉಳಿದ ಆ ಒಂದು ವರ್ಷವನ್ನು ಎಂ.ಕಾಂ. ಅಥವಾ ಎಂ.ಬಿ.ಎ. ಪ್ರವೇಶ ಪರೀಕ್ಷೆಯ ತಯಾರಿಗೆ ಕೊಡಿರೆಂದು ಬೋಧನಾ ಕೇಂದ್ರಗಳು ಹೇಳತೊಡಗಿದರೆ ಆಶ್ಚರ್ಯವಿಲ್ಲ. ನನ್ನನ್ನು ಕೇಳಿದರೆ ಆ ವರ್ಷವನ್ನು ಗಿರಣಿಯಲ್ಲಿ, ಗಂಜಿನಲ್ಲಿ, ದಾಸ್ತಾನು ಎಣಿಸುವುದರಲ್ಲಿ ಕಳೆಯಬೇಕು ಎನ್ನುತ್ತೇನೆ.

ಮಾನ್ವಿಯ ಆ ತಂದೆಗೂ ಇದನ್ನೇ ಹೇಳಿದೆ: ಸಾರ್ಟೆಕ್ಸ್ ಯಂತ್ರವನ್ನು ತರಿಸಿರಿ, ಮಗಳು ಮೂರು ವರ್ಷ ಯಾವುದಾದರೂ ಒಳ್ಳೆಯ ಕಚೇರಿಯಲ್ಲಿ ದುಡಿಯಲಿ, ಏನು ಓದಬೇಕೆಂಬುದನ್ನು ಆಗ ಅವಳೇ ಹೇಳಲಿ. ಹುಡುಗಿಯನ್ನೂ ಕರೆದು ಮಾತನಾಡಿಸಿದೆ. ತನಗೆ ಪಾಠ ಹೇಳುವ ಆಸೆಯಿದೆ, ಅಪ್ಪನಿಗೆ ಹೇಳಿಲ್ಲ ಎಂದಳು. ಈಗ ರಾಯಚೂರಿನ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಾ ಎನ್.ಇ.ಟಿ. ಪಠ್ಯಕ್ರಮ ತರಿಸಿಕೊಂಡಿದ್ದಾಳೆ. ತಂದೆಯವರು ಮಾತ್ರ ಪ್ರತಿ ತಿಂಗಳು ಜಿ.ಎಸ್.ಟಿ. ಕಾಗದಗಳನ್ನು ಕೊಡಲು ಬಂದಾಗ ಬಾಗಿಲಲ್ಲಿ ನಿಂತು, "ಆ ಎಂ.ಬಿ.ಎ. ಫಾರಂ ಯಾವಾಗ ಬಿಡ್ತಾರ್ರೀ?" ಎಂದು ಕೇಳುವುದನ್ನು ಇನ್ನೂ ಬಿಟ್ಟಿಲ್ಲ.